ಬುದ್ಧಿ ಬೆಳೆಸುವ ಸ್ಪೀಕರ್

ಹಾರವಾಡದ ಅಂಗನವಾಡಿಗೆ ನಾನು ಮೊದಲ ಸಲ ಕಾಲಿಟ್ಟ ದಿನ ಒಳಗಿದ್ದ ಮಕ್ಕಳೆಲ್ಲ ಒಟ್ಟಿಗೇ ಅಳಲು ಶುರು ಮಾಡಿದವು. ಕಾರಣ ನನ್ನ ಮುಖವಲ್ಲ, ಕೈಯಲ್ಲಿದ್ದ ನೀಲಿ ಪೆಟ್ಟಿಗೆ. ಚುಚ್ಚುಮದ್ದು ಹಾಕಲು ಬರುವ ನರ್ಸಮ್ಮನ ಕೈಯಲ್ಲೂ ಅಂಥದೇ ಪೆಟ್ಟಿಗೆ ಇರುತ್ತದೆಂದು ನನಗೆ ಹೊಳೆದಿರಲಿಲ್ಲ. ಒಬ್ಬ ಹುಡುಗನಂತೂ ಬಾಗಿಲ ಸಂದಿಯಲ್ಲಿ ನಿಂತು ತನ್ನ ತೋಳನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ. ನಾನು ಅಲ್ಲಿಗೆ ಹೋದದ್ದು ಮಕ್ಕಳ ಬುದ್ಧಿ ಅಳೆಯಲು. ಅವತ್ತು ಅವು ನನ್ನ ಬುದ್ಧಿಯನ್ನೇ ಅಳೆದು ವಾಪಸು ಕಳಿಸಿದವು.

ನಾನು ಕಾರವಾರದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಪಾಠ ಮಾಡುವವಳು. ಮನೆ ಹಣಕೋಣ. ಚಿಕ್ಕ ಮಕ್ಕಳ ಬೆಳವಣಿಗೆಯನ್ನು ಪರೀಕ್ಷೆ ಮಾಡಿ ನೋಡುವ ತರಬೇತಿ ಪಡೆದವರು ನಮ್ಮ ಕಡೆ ಕಡಿಮೆ. ಹಾಗಾಗಿ ಅಂಕೋಲೆಯ ಟ್ರಸ್ಟೊಂದರ ಅಧ್ಯಕ್ಷರು ನನ್ನನ್ನು ಹುಡುಕಿಕೊಂಡು ಕಾಲೇಜಿಗೇ ಬಂದರು. ವಯಸ್ಸಾದವರು, ಶುಭ್ರ ಅಂಗಿ, ಮಾತಿನ ನಡುವೆ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುವ ಅಭ್ಯಾಸ. ಹಾರ್ಮೋನಿಯಂ ನುಡಿಸುತ್ತಾರಂತೆ. ಅಂಗನವಾಡಿಗಳಿಗೆ ಒಳ್ಳೆಯ ಸ್ಪೀಕರ್ ಕೊಟ್ಟು, ಆಯ್ದ ವಾದ್ಯಸಂಗೀತವನ್ನು ದಿನಾ ಮಕ್ಕಳಿಗೆ ಕೇಳಿಸುವುದು ಅವರ ಯೋಜನೆ. ಮೊದಲು ಒಂದೇ ಒಂದು ಕಡೆ ಮಾಡಿ ನೋಡುವುದು, ಫಲ ಬಂದರೆ ಇಡೀ ತಾಲೂಕಿಗೆ ಹಂಚುವುದು.

"ಸಂಗೀತ ಕೇಳಿದ ಮಗು ಬುದ್ಧಿವಂತ ಆಗ್ತದೆ, ಬಾಯಿ. ಇದು ಜಗತ್ತಿಗೇ ಗೊತ್ತು. ನೀವು ಬರೀ ಅಳೆದು ಕೊಡಿ" ಎಂದರು. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವುದು ಬಾಯಿ ಎಂದೇ.

ಜಗತ್ತಿಗೆ ಗೊತ್ತಿರುವ ಸಂಗತಿಗಳ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಈ ಮಾತು ಹುಟ್ಟಿದ್ದು ದೊಡ್ಡವರ ಮೇಲೆ ಮಾಡಿದ ಪರೀಕ್ಷೆಯಿಂದ, ಅಲ್ಲಿ ಕಂಡ ಲಾಭವೂ ಚೂರೇ ಚೂರು, ಅದೂ ಸ್ವಲ್ಪ ಹೊತ್ತಿನದು, ಸುಮ್ಮನೆ ಕೂತು ಸಂಗೀತ ಕೇಳಿದ ಎಳೆಮಕ್ಕಳ ಬುದ್ಧಿ ಏರಿತು ಎನ್ನಲು ಗಟ್ಟಿ ಆಧಾರ ಯಾರ ಬಳಿಯೂ ಇಲ್ಲ ಎಂದು ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅದಕ್ಕೇ ಅಲ್ವಾ ನಿಮ್ಮನ್ನ ಕರೆದದ್ದು" ಎಂದು ನಕ್ಕರು. ಬಂದದ್ದನ್ನು ಬಂದ ಹಾಗೆ ಬರೆಯುತ್ತೇನೆ ಎಂದೆ. "ಬರೀರಿ, ಬರೀರಿ" ಎಂದರು. ಅವರ ಧೈರ್ಯ ನೋಡಿ ನನಗೇ ಒಂದು ಕ್ಷಣ ಅಳುಕಾಯಿತು.

ಸ್ಪೀಕರ್ ಇಡುವ ಊರು ಹಾರವಾಡ ಎಂದು ಅವರೇ ಆರಿಸಿದ್ದರು. ಹೋಲಿಸಿ ನೋಡಲು ಸ್ಪೀಕರ್ ಇಲ್ಲದ ಇನ್ನೊಂದು ಕೇಂದ್ರ ಬೇಕಿತ್ತು. ಮಕ್ಕಳ ಸಂಖ್ಯೆ, ವಯಸ್ಸು ಎಲ್ಲ ಹೊಂದುತ್ತದೆಂದು ನಾನು ಒಳನಾಡಿನ ಅಗಸೂರನ್ನು ಆರಿಸಿದೆ. ಒಂದು ಕಡಲಂಚಿನ ಮೀನುಗಾರರ ಊರು, ಇನ್ನೊಂದು ಗದ್ದೆಯ ಊರು. ಆಗ ಇದು ಬಹಳ ಜಾಣ ಆಯ್ಕೆ ಎನ್ನಿಸಿತ್ತು.

ಆ ನೀಲಿ ಪೆಟ್ಟಿಗೆಯ ದಿನ ಮಕ್ಕಳು ಅತ್ತು ಸುಮ್ಮನಾದ ಮೇಲೆ ಹಾರವಾಡದ ಅಂಗನವಾಡಿಯ ಅಕ್ಕೋರು, ಅಂದರೆ ಅಲ್ಲಿಯ ಟೀಚರು, ನನಗೆ ಚಹಾ ಕೊಟ್ಟರು. ಐವತ್ತರ ಆಸುಪಾಸಿನ ಹೆಂಗಸು, ಇದೇ ಊರಿನವರು. ಮಗುವಿನ ಮೂಗು ಒರೆಸುತ್ತಲೇ ತಮ್ಮ ಕಷ್ಟ ಹೇಳಿದರು. ಮೂರು ತುಂಬುವ ಮೊದಲೇ ಮಕ್ಕಳನ್ನು ಇಂಗ್ಲಿಷ್ ನರ್ಸರಿಯ ವ್ಯಾನು ಹತ್ತಿಸುವವರು ಹೆಚ್ಚಾಗಿ, ಇಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದರು. ಹೀಗೇ ಹೋದರೆ ಈ ಕೇಂದ್ರವನ್ನು ಹೆದ್ದಾರಿಯಾಚೆಯ ಕೇಂದ್ರದ ಜೊತೆ ಸೇರಿಸುತ್ತಾರಂತೆ.

"ಸೇರಿಸ್ಲಿ, ನಂಗೆ ಕೆಲ್ಸ ಅಲ್ಲೂ ಅದೆ. ಆದ್ರೆ ಈ ಮಕ್ಳು ಆ ರಸ್ತೆ ದಾಟೂಕೆ ಆತದಾ ಮೇಡಂ? ಬೆಳಿಗ್ಗೆ ಅಪ್ಪ ಬೋಟಿಗೆ, ಅಮ್ಮ ಮೀನು ಮಾರೂಕೆ. ಕೈ ಹಿಡ್ದು ದಾಟ್ಸುಕೆ ಯಾರು ಅದಾರೆ? ವ್ಯಾನಿಗೆ ಕೊಡೂಕೆ ಆಗ್ದವ್ರ ಮಕ್ಳು ಮನೇಲೇ ಉಳೀತಾವೆ, ಅಷ್ಟೆ."

ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರವಾರದಿಂದ ಬಸ್ಸಿನಲ್ಲಿ ಬಂದಿದ್ದ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ದೊಡ್ಡವರೇ ಅದನ್ನು ದಾಟುವಾಗ ಜೀವ ಕೈಯಲ್ಲಿ ಹಿಡಿದಿರುತ್ತಾರೆ.

ಮುಂದಿನ ಸಲ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು, ಸಾಮಾನುಗಳನ್ನೆಲ್ಲ ನಮ್ಮಮ್ಮ ಸಂತೆಗೆ ಒಯ್ಯುವ ಬಟ್ಟೆಚೀಲದಲ್ಲಿ ತುಂಬಿಕೊಂಡು ಹೋದೆ. ಮಕ್ಕಳು ಅಳಲಿಲ್ಲ. ಚೀಲದಲ್ಲಿ ತಿನ್ನುವುದೇನಾದರೂ ಇದೆಯೇ ಎಂದು ಇಣುಕಿದವು. ಅದು ಏಪ್ರಿಲ್ ಕೊನೆ.

ನನ್ನ ಪರೀಕ್ಷೆಗಳು ಆಟದಂಥವು. ಮರದ ತುಂಡುಗಳಿಂದ ನಾನು ಕಟ್ಟಿದ ಸೇತುವೆಯಂಥದೇ ಇನ್ನೊಂದನ್ನು ಮಗು ಕಟ್ಟಬೇಕು. ನಾನು ತಟ್ಟಿದ ಚಪ್ಪಾಳೆಯನ್ನು ಹಾಗೇ ಮರಳಿ ತಟ್ಟಬೇಕು. ದಾರಕ್ಕೆ ಎರಡು ಕೆಂಪು, ಒಂದು ನೀಲಿ, ಮತ್ತೆ ಎರಡು ಕೆಂಪು ಮಣಿ ಪೋಣಿಸಿ ತೋರಿಸಿದರೆ ಮುಂದಿನದನ್ನು ತಾನೇ ಊಹಿಸಿ ಪೋಣಿಸಬೇಕು. ಚಿತ್ರಗಳ ಹೆಸರು ಹೇಳಬೇಕು. ಒಂದೊಂದೇ ಮಗುವನ್ನು ಮೂಲೆಯ ಚಾಪೆಯ ಮೇಲೆ ಕೂರಿಸಿಕೊಂಡು, ಅದರ ಮನಸ್ಸಿದ್ದಷ್ಟು ಹೊತ್ತು ಮಾತ್ರ ಮಾಡಿಸಬೇಕು. ಮಗು ಎದ್ದು ಹೋದರೆ ಅವತ್ತಿಗೆ ಪರೀಕ್ಷೆ ಮುಗಿಯಿತು. ಅವಸರ ಮಾಡಿದರೆ ಅಳೆದದ್ದು ಬುದ್ಧಿಯಾಗಿರುವುದಿಲ್ಲ, ಭಯವಾಗಿರುತ್ತದೆ.

ಚಿತ್ರಗಳಲ್ಲಿ ಮತ್ತೆ ಎಡವಿದೆ. ಕಿತ್ತಳೆ ಬಣ್ಣದ, ದೊಡ್ಡ ಕಣ್ಣಿನ ಮೀನೊಂದರ ಚಿತ್ರವಿತ್ತು. ಹಾರವಾಡದ ಮಕ್ಕಳಿಗೆ ಇದೊಂದಾದರೂ ಸುಲಭ ಎಂದುಕೊಂಡಿದ್ದೆ. ನಾಲ್ಕು ವರ್ಷದ ಹುಡುಗಿಯೊಬ್ಬಳು, ಎರಡು ಜುಟ್ಟಿನವಳು, ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ತಲೆಯಾಡಿಸಿದಳು.

"ಇದೆಂತ ಹೇಳು?"

"ಗೊತ್ತಿಲ್ಲ."

"ಮೀನು ಅಲ್ವೇನೇ?"

"ತಾರ್ಲೆ ಅಲ್ಲ. ಬಂಗಡೆ ಅಲ್ಲ. ನೊಗ್ಲಿ ಅಲ್ಲ. ಇದು ಯಾವ ಮೀನೂ ಅಲ್ಲ."

ಅವಳಿಗೆ ಆ ಪ್ರಶ್ನೆಗೆ ಸೊನ್ನೆ ಕೊಡಬೇಕೆಂದು ನನ್ನ ಕೈಪಿಡಿ ಹೇಳುತ್ತಿತ್ತು. ನಾನು ಚಿತ್ರವನ್ನೇ ಪರೀಕ್ಷೆಯಿಂದ ಕಿತ್ತುಹಾಕಿದೆ, ಎರಡೂ ಊರಿನಲ್ಲಿ. ಉಳಿದವುಗಳಲ್ಲಿ ಎರಡು ಕೇಂದ್ರದ ಮಕ್ಕಳೂ ಹೆಚ್ಚುಕಡಿಮೆ ಸರಿಸಮ ಬಂದರು. ಮಣಿ ಪೋಣಿಸುವುದರಲ್ಲಿ ಎರಡು ಕಡೆಯವರೂ ಒಂದೇ ರೀತಿ ಕೆಟ್ಟದಾಗಿದ್ದರು. ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಸಮತೂಕ ಬೇಕಿರಲಿಲ್ಲ.

ಬೇಸಿಗೆ ರಜೆ ಮುಗಿದು ಕೇಂದ್ರ ತೆರೆದಾಗ ಸ್ಪೀಕರ್ ಬಂತು. ಅಧ್ಯಕ್ಷರು ತಾವೇ ಬಂದು ಗೋಡೆಗೆ ಹಾಕಿಸಿದರು. ಊರಿನಲ್ಲಿ ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂಗನವಾಡಿಗೆ ಬುದ್ಧಿ ಬೆಳೆಸುವ ಸ್ಪೀಕರ್ ಬಂದಿದೆಯಂತೆ, ಕಾರವಾರದಿಂದ ಮೇಡಂ ಒಬ್ಬರು ಬಂದು ಬುದ್ಧಿ ಅಳೆಯುತ್ತಾರಂತೆ ಎಂದು ಮಾತಾಯಿತು. ವ್ಯಾನಿಗೆ ಹೆಸರು ಕೊಟ್ಟಿದ್ದ ಕೆಲವರು ಮನಸ್ಸು ಬದಲಿಸಿದರು. ಕೇಂದ್ರದಲ್ಲಿ ಚಾಪೆ ಸಾಲದಾಯಿತು. ಅಕ್ಕೋರ ಮುಖದಲ್ಲಿ ಗೆಲುವು ಬಂತು. ಹೊಸದಾಗಿ ಬಂದವರನ್ನು ನಾನು ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ, ಏಪ್ರಿಲ್‌ನಲ್ಲಿ ಅಳೆದವರನ್ನೇ ಮತ್ತೆ ಅಳೆಯುವುದೆಂದು ಗಟ್ಟಿ ಮಾಡಿಕೊಂಡೆ. ಅಷ್ಟರಲ್ಲಿ ಮಳೆ ಹಿಡಿಯಿತು, ಕಾಲೇಜಿನ ಪ್ರವೇಶದ ಗಲಾಟೆ ಶುರುವಾಯಿತು, ಎರಡು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ.

ಜುಲೈ ಕೊನೆಗೆ ಮತ್ತೆ ಚೀಲ ಹೆಗಲಿಗೇರಿಸಿದೆ. ಅಗಸೂರಿನ ಮಕ್ಕಳು ವಯಸ್ಸಿಗೆ ತಕ್ಕಷ್ಟು ಮುಂದೆ ಬಂದಿದ್ದರು. ಹಾರವಾಡದ ಮಕ್ಕಳು ನನ್ನನ್ನು ಬೆಚ್ಚಿಬೀಳಿಸಿದರು. ಸೇತುವೆ ಸರಸರ ಎದ್ದಿತು. ಚಪ್ಪಾಳೆ ತಪ್ಪಲಿಲ್ಲ. ಮಣಿಯ ಸರ ನಾನು ತೋರಿಸಿ ಮುಗಿಸುವ ಮೊದಲೇ ಕೈಯಿಂದ ಕಸಿದುಕೊಂಡು ಪೋಣಿಸಿದರು. ಮೊದಲೆಲ್ಲ ಒಂದು ಕಡೆ ಕೂರದವರು ಈಗ ಕೂತಲ್ಲಿಂದ ಅಲುಗಲಿಲ್ಲ. ಗೋಡೆಯ ಮೇಲೆ ಸ್ಪೀಕರ್ ಸಣ್ಣಗೆ ಕೊಳಲು ನುಡಿಸುತ್ತಿತ್ತು. ಅಕ್ಕೋರು ನನ್ನ ಮುಖವನ್ನೇ ನೋಡುತ್ತಿದ್ದರು.

ಸುದ್ದಿ ಕೇಳಿ ಅಧ್ಯಕ್ಷರು ಫೋನಿನಲ್ಲೇ ಗದ್ಗದರಾದರು. ತಾಲೂಕಿನ ಎಲ್ಲ ಕೇಂದ್ರಗಳಿಗೂ ಸ್ಪೀಕರ್ ಎಂದರು. ಹಾರವಾಡದ ಕೇಂದ್ರವನ್ನು ಅಲುಗಾಡಿಸಲು ಬಿಡುವುದಿಲ್ಲ, ನಿಮ್ಮ ವರದಿ ಹಿಡಿದು ನಾನೇ ಮೇಲಿನವರ ಹತ್ತಿರ ಹೋಗುತ್ತೇನೆ ಎಂದರು. ನಾನೂ ಖುಷಿಪಟ್ಟೆ. ಸುಳ್ಳೇಕೆ, ಒಳಗೊಳಗೇ ಸೋತ ಹಾಗೂ ಆಗಿತ್ತು. ಇಷ್ಟು ವರ್ಷ ತರಗತಿಯಲ್ಲಿ ಇಲ್ಲ ಎಂದು ಹೇಳಿಕೊಂಡು ಬಂದದ್ದು ಕಣ್ಣೆದುರಿಗೆ ಹೌದೆಂದು ನಿಂತಿತ್ತು.

ಆ ಭಾನುವಾರ ಚೀಲ ಖಾಲಿ ಮಾಡಿ ಮಣಿಗಳನ್ನು ಡಬ್ಬಿಗೆ ಹಾಕಲು ಕೂತೆ. ಅಗಸೂರಿನ ದಾರಗಳನ್ನು ಓರೆ ಮಾಡಿದರೆ ಮಣಿಗಳು ಜಾರಿ ಬಿದ್ದವು. ಹಾರವಾಡದವು ಬೀಳಲಿಲ್ಲ. ನೋಡಿದರೆ ದಾರದಲ್ಲಿ ಗಂಟುಗಳು. ಪ್ರತಿ ನೀಲಿ ಮಣಿಯ ಆಚೆ ಈಚೆ ಒಂದೊಂದು. ಒಬ್ಬರದಲ್ಲಿ ಅಲ್ಲ, ಹೆಚ್ಚಿನವರ ದಾರದಲ್ಲಿ. ಉಗುರಿನಿಂದ ಕಿತ್ತೆ, ಪಿನ್ನಿನಿಂದ ಎಳೆದೆ, ಬಿಚ್ಚಲಾಗಲಿಲ್ಲ. ನಾಲ್ಕು ವರ್ಷದ ಮಗು ಹಾಕುವ ಗಂಟಲ್ಲ ಅದು. ಕೊಳಲು ಕೇಳಿದರೆ ಬುದ್ಧಿ ಬರಬಹುದು, ಗಂಟು ಹಾಕಲು ಬರುತ್ತದೆಯೇ?

ಮರುದಿನ ಮಧ್ಯಾಹ್ನದ ತರಗತಿಯನ್ನು ಗೆಳತಿಗೆ ಒಪ್ಪಿಸಿ ಹಾರವಾಡಕ್ಕೆ ಹೋದೆ. ಎರಡು ಜುಟ್ಟಿನವಳನ್ನು ಹತ್ತಿರ ಕರೆದು ದಾರ ಮಣಿ ಕೊಟ್ಟೆ. ಅವಳು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಹೊಸೆದು, ಮಣಿ ತೂರಿಸಿ, ಬೆರಳಿಗೊಂದು ಸುತ್ತು ಹಾಕಿ ಎಳೆದಳು. ಗಂಟು ಬಿತ್ತು.

"ಇದನ್ನ ಯಾರು ಕಲಿಸಿದ್ದು?"

"ಯಾರೂ ಕಲಿಸ್ಲಿಲ್ಲ. ಅಪ್ಪ ಹಂಗೇ ಹಾಕೂದು. ಗಂಟು ಹಾಕ್ದಿದ್ರೆ ಬೆಂಡು ಜಾರಿ ಹೋತದೆ."

"ಯಾವ ಬೆಂಡು?"

ಇಂಥ ದಡ್ಡಿಯನ್ನು ಯಾಕೆ ಕಳಿಸುತ್ತಾರೋ ಎನ್ನುವ ಹಾಗೆ ನನ್ನನ್ನು ನೋಡಿ, "ಬಲೆದು" ಎಂದಳು.

ಬಲೆ ನೀರಿನಲ್ಲಿ ತೇಲುವಂತೆ ಅಂಚಿಗೆ ಕಟ್ಟುವ ಬೆಂಡು. ಅಕ್ಕೋರನ್ನು ಕೇಳಿದೆ. ಅವರು ಸಹಜವಾಗಿಯೇ ಹೇಳಿದರು. ಜೂನ್, ಜುಲೈ ಮೀನು ಹಿಡಿಯಲು ಸರ್ಕಾರದ ನಿಷೇಧ, ಬೋಟು ಕಡಲಿಗೆ ಇಳಿಯುವಂತಿಲ್ಲವಲ್ಲ. ಬೋಟಿಗೆ ಹೋಗುವ ಗಂಡಸರೆಲ್ಲ ಮನೆಯಲ್ಲಿ. ಮಳೆ ಹೊಯ್ಯುತ್ತಿರುತ್ತದೆ, ಜಗಲಿಯ ತುಂಬ ಬಲೆ ಹರಡಿಕೊಂಡು ಹರಿದದ್ದನ್ನು ಹೆಣೆಯುವುದು, ಬೆಂಡು ಬದಲಿಸುವುದು ಇದೇ ಕೆಲಸ. ಮಕ್ಕಳು ಅಂಗನವಾಡಿ ಬಿಟ್ಟ ಮೇಲೆ ಕತ್ತಲಾಗುವ ತನಕ ಅಪ್ಪನ ಮಗ್ಗುಲಲ್ಲಿ. ಬೆಂಡು ಎತ್ತಿ ಕೊಡು, ಎರಡು ದೊಡ್ಡದು ಒಂದು ಸಣ್ಣದು ಕೊಡು, ಸೂಜಿ ಹಿಡಿ, ಲೆಕ್ಕ ಮಾಡು. ನಡುನಡುವೆ ಅಪ್ಪನ ಮಾತು, ಮಗುವಿನ ನೂರೆಂಟು ಪ್ರಶ್ನೆ.

"ಮತ್ತೆ ಸ್ಪೀಕರು?" ಎಂದೆ.

ಅಕ್ಕೋರು ಸೆರಗು ಸರಿ ಮಾಡಿಕೊಂಡರು. "ಅದು ಬಂದ ಮೇಲೆ ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಎಷ್ಟು ಸಲ ಹೋಯ್ತು ಅಂತೀರಿ. ಇದ್ದ ದಿನ ಹಾಕಿದ್ದೆ ಮೇಡಂ. ಇಲ್ದಿದ್ದ ದಿನ ನಾವೇ ಬಾಯಲ್ಲಿ ಹಾಡೂದು. ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

ಹೌದು, ನಾನು ಕೇಳಿರಲಿಲ್ಲ. ಜೂನ್ ಬಂದರೆ ಬೋಟು ನಿಲ್ಲುತ್ತದೆಂದು ಕಾರವಾರದಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಆ ಎರಡು ತಿಂಗಳು ತಾಜಾ ಮೀನಿಲ್ಲವೆಂದು ಗೊಣಗಿಕೊಂಡು ಒಣಮೀನು ತಿಂದವಳು ನಾನೇ. ಊಟದ ತಟ್ಟೆಯಲ್ಲಿ ಗೊತ್ತಿದ್ದದ್ದು ಪರೀಕ್ಷೆಯ ಚಾಪೆಯಲ್ಲಿ ಮರೆತುಹೋಗಿತ್ತು. ಸಾಲದ್ದಕ್ಕೆ ಅಗಸೂರು! ಹಾರವಾಡದ ಅಪ್ಪಂದಿರು ಮನೆಯಲ್ಲಿ ಕೂತ ಅದೇ ದಿನಗಳಲ್ಲಿ ಅಗಸೂರಿನ ಅಪ್ಪ ಅಮ್ಮ ಇಬ್ಬರೂ ನಾಟಿಗೆಂದು ಬೆಳಗಿನಿಂದ ಕತ್ತಲೆಯ ತನಕ ಗದ್ದೆಯಲ್ಲಿ. ಒಂದೂರಿನ ಮಕ್ಕಳಿಗೆ ವರ್ಷದಲ್ಲೇ ಅತಿ ಹೆಚ್ಚು ದೊಡ್ಡವರು ಸಿಗುವ ಕಾಲ, ಇನ್ನೊಂದೂರಿನ ಮಕ್ಕಳಿಗೆ ಅತಿ ಕಡಿಮೆ ಸಿಗುವ ಕಾಲ. ಇದನ್ನು ಹೋಲಿಸಿ ನಾನು ಸಂಗೀತದ ಫಲ ಕಂಡುಹಿಡಿದಿದ್ದೆ. ನನ್ನ ಮೇಲೇ ನನಗೆ ವಿಪರೀತ ಸಿಟ್ಟು ಬಂತು.

ಅಕ್ಕೋರಿಗೆ ವಿಷಯ ಅರ್ಥವಾಯಿತು. ಸ್ವಲ್ಪ ಹೊತ್ತು ಅನ್ನದ ಪಾತ್ರೆ ಮುಚ್ಚುವುದು, ತೆರೆಯುವುದು ಮಾಡಿದರು. ಆಮೇಲೆ, "ದೀಪಾವಳಿ ಕಳೆದ ಮೇಲೆ ಅಧಿಕಾರಿಗಳು ಬತ್ತಾರಂತೆ, ಮಕ್ಳ ತಲೆ ಎಣಿಸೂಕೆ. ಬರೀಬೇಡಿ ಅಂತ ನಾ ಹೇಳೂದಿಲ್ಲ ಮೇಡಂ. ಸ್ವಲ್ಪ ನಿಧಾನ ಬರೀರಿ. ಅವ್ರು ಬಂದು ಹೋಗ್ಲಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ನಿಧಾನ ಮಾಡುವುದು ಸುಳ್ಳು ಹೇಳುವುದಲ್ಲವಲ್ಲ. ಕಾಲೇಜಿನವರು ವರದಿ ತಡ ಮಾಡುವುದು ಹೊಸದೂ ಅಲ್ಲ. ಯಾರಿಗೂ ನಷ್ಟವಿಲ್ಲ, ಕೇಂದ್ರ ಉಳಿಯುತ್ತದೆ, ಮಕ್ಕಳು ರಸ್ತೆ ದಾಟಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಮನಸ್ಸು ಮುಕ್ಕಾಲು ಭಾಗ ಅತ್ತಲೇ ವಾಲಿತ್ತು. ತಡೆದದ್ದು ಒಂದೇ ವಿಚಾರ. ವ್ಯಾನು ಬಿಡಿಸಿ ಮಕ್ಕಳನ್ನು ಇಲ್ಲಿಗೆ ಕಳಿಸಿದ ಹೆಂಗಸರು ಆ ಸ್ಪೀಕರನ್ನು ನಂಬಿ ಕಳಿಸಿದ್ದರು, ಅದಕ್ಕಿಂತ ಹೆಚ್ಚಾಗಿ ಅಳೆಯಲು ಬಂದ ನನ್ನನ್ನು ನಂಬಿದ್ದರು. ಅವರ ಮಕ್ಕಳ ವಿಷಯ ಅವರಿಗಿಂತ ಮೊದಲು ನನಗೆ ಗೊತ್ತಿದ್ದು, ನಾನು ಬಾಯಿ ಮುಚ್ಚಿಕೊಂಡಿರುವುದು ನನ್ನ ಕೈಲಾಗುವ ಕೆಲಸವಲ್ಲ.

ಹಾಗೆಂದು ನನ್ನ ಹೊಸ ಊಹೆಯನ್ನೂ ಹಾಗೇ ಒಪ್ಪುವಂತಿರಲಿಲ್ಲ. ಅಧ್ಯಕ್ಷರಿಗೆ ಎಲ್ಲವನ್ನೂ ಹೇಳಿ, ಇನ್ನೊಂದು ಸುತ್ತು ಅಳೆಯಲು ಅವಕಾಶ ಕೇಳಿದೆ. ಆಗಸ್ಟಿನಿಂದ ಬೋಟುಗಳು ಹೋಗುತ್ತವೆ, ಅಪ್ಪಂದಿರು ಇರುವುದಿಲ್ಲ, ಸಂಗೀತ ಇರುತ್ತದೆ. ಅಗಸೂರಿನಲ್ಲೂ ನಾಟಿ ಮುಗಿದಿರುತ್ತದೆ. ಫಲ ಸಂಗೀತದ್ದೇ ಆದರೆ ಹಾರವಾಡದ ಮಕ್ಕಳು ಅದೇ ವೇಗದಲ್ಲಿ ಮುಂದೆ ಹೋಗಬೇಕು. ಅಧ್ಯಕ್ಷರು, "ಆಗಲಿ. ಈ ಸಲ ಕರೆಂಟಿನ ನೆಪ ಬೇಡ" ಎಂದು ಬ್ಯಾಟರಿ ಕಳಿಸಿದರು. ಅಕ್ಕೋರು ಒಂದು ದಿನವೂ ತಪ್ಪಿಸದೆ ಸ್ಪೀಕರ್ ಹಾಕಿದರು. ಈ ಸಲ ನಾನು ವಾರಕ್ಕೊಮ್ಮೆ ಹೋಗಿ ಕೂತು ನೋಡಿದೆ. ಸಂಗೀತ ಶುರುವಾದಾಗ ಮಕ್ಕಳು ಒಂದು ಗಳಿಗೆ ತಲೆ ಎತ್ತುತ್ತಿದ್ದವು, ಆಮೇಲೆ ಕಡಲಿನ ಸದ್ದಿನಂತೆ ಅದನ್ನೂ ಮರೆತುಬಿಡುತ್ತಿದ್ದವು. ಅಕ್ಕೋರು ತಾವೇ ಹಾಡಿದರೆ ಮಾತ್ರ ಎಲ್ಲವೂ ಅವರ ಬಾಯಿಯನ್ನೇ ನೋಡುತ್ತ ಕೈಕಾಲು ಆಡಿಸುತ್ತಿದ್ದವು, ಶಬ್ದ ತಪ್ಪಿದರೆ ನಗುತ್ತಿದ್ದವು.

ಅಕ್ಟೋಬರ್‌ನಲ್ಲಿ ಮೂರನೆಯ ಸಲ ಅಳೆದೆ. ಹಾರವಾಡದವರೂ ಅಗಸೂರಿನವರೂ ಒಂದೇ ನಡಿಗೆಯಲ್ಲಿ ಮುಂದೆ ಹೋಗಿದ್ದರು. ಸ್ಪೀಕರಿನ ಲಾಭ ಎಂದು ತೋರಿಸಲು ಏನೂ ಸಿಗಲಿಲ್ಲ. ಒಂದು ಸಂಗತಿ ಮಾತ್ರ ನನಗೆ ಬಹಳ ಸಮಾಧಾನ ಕೊಟ್ಟಿತು. ಮಳೆಗಾಲದಲ್ಲಿ ಗಳಿಸಿದ್ದನ್ನು ಹಾರವಾಡದ ಮಕ್ಕಳು ಕಳೆದುಕೊಂಡಿರಲಿಲ್ಲ. ಅಪ್ಪಂದಿರು ಕಡಲಿಗೆ ಹೋದರೂ ಅವರು ಕೊಟ್ಟದ್ದು ಮಕ್ಕಳಲ್ಲಿ ಉಳಿದಿತ್ತು.

ವರದಿ ಕಳಿಸುವ ಮೊದಲು ಊರಿನವರನ್ನು ಸೇರಿಸಿ ಹೇಳಬೇಕೆಂದು ಅಕ್ಕೋರನ್ನು ಕೇಳಿಕೊಂಡೆ. ಅವರು ಬೇಡವೆನ್ನಲಿಲ್ಲ, ಆದರೆ ಸಭೆಯ ದಿನ ನನ್ನ ಕಡೆ ಸರಿಯಾಗಿ ನೋಡಲೂ ಇಲ್ಲ. ಸಂಜೆ ತಾಯಂದಿರು ಬಂದರು, ಕೆಲಸ ಬಿಟ್ಟ ಮುದುಕರು ಕೆಲವರು ಬಂದರು. ಬೋಟಿನ ಎಂಜಿನ್ ಕೆಟ್ಟು ದಡದಲ್ಲಿ ಉಳಿದಿದ್ದ ಎರಡು ಜುಟ್ಟಿನವಳ ಅಪ್ಪನೂ ಬಂದು ಬಾಗಿಲಲ್ಲಿ ನಿಂತ.

ನಾನು ಸುತ್ತಿಬಳಸದೆ ಹೇಳಿದೆ. ಸಂಗೀತ ಕೇಳಿಸಿದ್ದರಿಂದ ಮಕ್ಕಳ ಬುದ್ಧಿ ಹೆಚ್ಚಾಯಿತೆನ್ನಲು ನನಗೆ ಆಧಾರ ಸಿಗಲಿಲ್ಲ. ಸಂಗೀತದಿಂದ ಕೇಡೂ ಇಲ್ಲ, ಮಕ್ಕಳಿಗೆ ಖುಷಿಯಾದರೆ ಕೇಳಲಿ. ಮಳೆಗಾಲದಲ್ಲಿ ಅವರು ಮುಂದೆ ಬಂದದ್ದು ಮನೆಯಲ್ಲಿ ದೊಡ್ಡವರ ಜೊತೆ ಕೂತು ಕೆಲಸ ಮಾಡಿದ್ದರಿಂದ ಇರಬಹುದು ಎಂದು ನನ್ನ ಅಂದಾಜು. ಎರಡೇ ಊರು, ಕೆಲವೇ ಮಕ್ಕಳು, ಇದನ್ನೂ ಖಂಡಿತ ಎಂದು ಹೇಳಲಾರೆ.

ಹಿಂದೆ ಕೂತ ಇಬ್ಬರು ಹೆಂಗಸರು ಎದ್ದು ಹೋದರು. ಆಮೇಲೆ ಬಾಗಿಲಲ್ಲಿದ್ದವ ಗಂಟಲು ಸರಿಮಾಡಿಕೊಂಡ.

"ನಾ ಎಂತದೂ ಕಲಿಸ್ಲಿಲ್ಲ ಮೇಡಂ. ಕೂತಿದ್ದೆ, ಅಷ್ಟೆ. ಅದು ಬಂದು ಮಗ್ಗಲಲ್ಲಿ ಕೂತ್ಕಂತಿತ್ತು."

"ಅದೇ ನಾನು ಹೇಳಿದ್ದು" ಎಂದೆ.

ಅವನ ಮುಖ ಅರಳಿತು, ಹಾಗೇ ಬಾಡಿತು. "ಹಂಗಾರೆ ಹತ್ತು ತಿಂಗ್ಳು ನಾ ಇಲ್ದಿದ್ದದ್ದಕ್ಕೆ ಅದ್ಕೆ ನಷ್ಟ ಆತದಾ?"

ಕಣ್ಣು ತುಂಬಿ ಬಂತು, ತಲೆ ತಗ್ಗಿಸಿ ಚೀಲದಲ್ಲಿ ಏನೋ ಹುಡುಕಿದ ಹಾಗೆ ಮಾಡಿದೆ. "ಅಪ್ಪನೇ ಆಗಬೇಕೆಂದಿಲ್ಲ. ಮಗುವಿನ ಜೊತೆ ಮಾತಾಡುತ್ತ, ಹಾಡುತ್ತ, ಕೈಗೆ ಕೆಲಸ ಕೊಡುತ್ತ ಯಾರೋ ಒಬ್ಬರು ದೊಡ್ಡವರು ಕೂತರೆ ಸಾಕು" ಎಂದೆ.

ಮೂಲೆಯಲ್ಲಿ ಮೊಣಕಾಲು ನೀವಿಕೊಳ್ಳುತ್ತಿದ್ದ ಅಜ್ಜನೊಬ್ಬ ಹೇಳಿದ, "ಕೂರೂಕೆ ನಾವು ಅದೇವಲ್ಲ. ದಡದ ಮೇಲೆ ಬಲೆ ಹಾಕ್ಕಂಡಿ ಕೂತದ್ದನ್ನ ಇಲ್ಲಿ ಜಗಲಿ ಮೇಲೆ ಕೂತ್ರಾಯ್ತು. ಅಕ್ಕೋರು ಬೈಬಾರ್ದು, ವಾಸ್ನೆ ಅಂತ."

"ನಾ ಎಂತಕೆ ಬೈಲಿ, ನಮ್ಮನೆ ಬಲೆ ವಾಸ್ನೆ ಇಲ್ದದ್ದಾ?" ಎಂದರು ಅಕ್ಕೋರು. ಸಭೆಯಲ್ಲಿ ಅವತ್ತು ಮೊದಲ ಸಲ ನಗೆ ಕೇಳಿಸಿತು.

ಎಲ್ಲವೂ ಸುಸೂತ್ರವಾಯಿತೆಂದು ಹೇಳಲಾರೆ. ಎದ್ದು ಹೋದ ಇಬ್ಬರು ಹೆಂಗಸರು ತಮ್ಮ ಮಕ್ಕಳನ್ನು ಮತ್ತೆ ವ್ಯಾನಿಗೆ ಹತ್ತಿಸಿದರು, ಅವರನ್ನು ನೋಡಿ ಇನ್ನೊಬ್ಬರು. ಅಕ್ಕೋರು ಒಂದೊಂದು ಮಗು ಕಡಿಮೆಯಾದಾಗಲೂ ನನಗೆ ಫೋನು ಮಾಡಿ ಹೇಳುತ್ತಿದ್ದರು, ಬೈಯುತ್ತಿರಲಿಲ್ಲ, ಹೇಳುತ್ತಿದ್ದರು ಅಷ್ಟೆ. ಅದು ಬೈಗುಳಕ್ಕಿಂತ ಭಾರವಾಗಿತ್ತು. ವರದಿ ಓದಿದ ಅಧ್ಯಕ್ಷರು ನನ್ನ ಕರೆಗೆ ಉತ್ತರಿಸಲಿಲ್ಲ. ಅವರ ಕನಸನ್ನು ನಾನೇ ಕೈಯಾರೆ ಕೆಡವಿದ್ದೆ, ಬೇಸರವಾಗುವುದು ಸಹಜ. ಒಂದು ಬೆಳಿಗ್ಗೆ ಹಾರವಾಡಕ್ಕೆ ಹೋದರೆ ಅವರೇ ಚಾಪೆಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದರು. ಒಂದು ಮಗು ತಿದಿ ಒತ್ತುತ್ತಿತ್ತು, ನಾಲ್ಕಾರು ಕೈಗಳು ಒಟ್ಟಿಗೇ ಸ್ವರದ ಮನೆಗಳ ಮೇಲೆ ಬಿದ್ದು ಕಿವಿ ಹರಿಯುವ ಸದ್ದು. ಹೊರಗೆ ಜಗಲಿಯಲ್ಲಿ ಇಬ್ಬರು ಮುದುಕರು ಬಲೆ ಹೆಣೆಯುತ್ತ, ಹಗ್ಗ ಎಳೆಯುವಾಗಿನ ಕೂಗನ್ನು ಮಕ್ಕಳಿಂದ ಕೂಗಿಸುತ್ತಿದ್ದರು.

ಅಧ್ಯಕ್ಷರು ನನ್ನನ್ನು ಕಂಡು, "ಬುದ್ಧಿ ಬೆಳೆಸೂಕಲ್ಲ ಬಾಯಿ, ಸುಮ್ನೆ ಬಂದೆ" ಎಂದರು. ಇನ್ನೂ ಸ್ವಲ್ಪ ಮುನಿಸಿತ್ತು. ಆದರೆ ಆಮೇಲೆ ಅವರು ಬರುವುದನ್ನು ಬಿಡಲಿಲ್ಲ. ಹಾಡಿದರೆ ಬುದ್ಧಿ ಬೆಳೆಯುತ್ತದೆಂದು ನಾನು ಈಗಲೂ ಎಲ್ಲೂ ಬರೆದಿಲ್ಲ. ಹಾಡುವ ಮಕ್ಕಳು ಸಂತೋಷವಾಗಿರುತ್ತಾರೆ, ಹೊಸ ಮಾತು ಬೇಗ ಹಿಡಿಯುತ್ತಾರೆ ಎಂದಷ್ಟೇ ನಾನು ಕಂಡದ್ದು. ಅಷ್ಟು ಕಡಿಮೆಯೇನಲ್ಲ.

ದೀಪಾವಳಿ ಕಳೆದು ಅಧಿಕಾರಿ ಬಂದರು. ಅಕ್ಕೋರು ನನ್ನನ್ನೂ ಬರಹೇಳಿದ್ದರು. ಬೇಕಾದಷ್ಟು ಮಕ್ಕಳಿದ್ದರು, ಆದರೆ ಅಂಚಿನಲ್ಲಿ. ಇನ್ನೊಂದಿಬ್ಬರು ಬಿಟ್ಟರೆ ಮುಗಿಯಿತು. ಅಧಿಕಾರಿ ಮಕ್ಕಳನ್ನು ಎಣಿಸಿದರು, ನನ್ನ ವರದಿಯ ವಿಷಯ ಅವರ ಕಿವಿಗೂ ಬಿದ್ದಿತ್ತು. "ನೀವೇ ಅಲ್ವಾ ಸಂಗೀತದಿಂದ ಏನೂ ಆಗಲಿಲ್ಲ ಎಂದು ಬರೆದವರು?" ಎಂದರು. ಹೌದೆಂದೆ.

ಅಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಮಗನನ್ನು ಬಿಡಲು ಅವಸರದಲ್ಲಿ ಬಂದಳು. ಜೂನ್‌ನಲ್ಲಿ ಮಗನನ್ನು ವ್ಯಾನು ಬಿಡಿಸಿ ಕರೆತಂದವರಲ್ಲಿ ಅವಳೂ ಒಬ್ಬಳು. ಅಧಿಕಾರಿ ಅವಳನ್ನೇ ನಿಲ್ಲಿಸಿ ಕೇಳಿದರು, "ಏನಮ್ಮಾ, ಆ ಸ್ಪೀಕರಿನಿಂದ ಬುದ್ಧಿ ಬರುವುದಿಲ್ಲ ಎಂದು ಗೊತ್ತಾದ ಮೇಲೂ ಮಗನನ್ನು ಇಲ್ಲಿಗೇ ಕಳಿಸ್ತೀಯಲ್ಲ, ಯಾಕೆ? ನಾಳೆ ನೀನೂ ವ್ಯಾನಿಗೆ ಹಾಕೋದಾದರೆ ಈಗಲೇ ಹೇಳಿಬಿಡು."

ಅವಳು ಬುಟ್ಟಿಯನ್ನು ಇಳಿಸಲೂ ಇಲ್ಲ. "ವ್ಯಾನಿನ ಶಾಲೆಯವ್ರು ಮೊದಲ ದಿನಾನೇ ನಿಮ್ಮ ಹುಡ್ಗ ಡಾಕ್ಟರ್ ಆತಾನೆ ಅಂದ್ರು. ಅವಂಗೆ ಆಗ ಚಡ್ಡಿ ಹಾಕ್ಕಳೂಕೆ ಬತ್ತಿರ್ಲಿಲ್ಲ. ಇಲ್ಲಿಯವ್ರು ನಮ್ಮನ್ನ ಕೂರ್ಸಿ, ಈ ಸ್ಪೀಕರಿಂದ ನಿಮ್ಮ ಮಕ್ಳಿಗೆ ಎಂತದೂ ಆಗ್ಲಿಲ್ಲ ಅಂತ ಅವ್ರೇ ಹೇಳಿದ್ರು. ಹಂಗೆ ಹೇಳೂವಲ್ಲಿ ಮಗು ಬಿಟ್ಟು ಹೋಗೂಕೆ ನಂಗೆ ಹೆದ್ರಿಕೆ ಇಲ್ಲ."

ಹೇಳಿ, ಮಾರ್ಕೆಟಿಗೆ ತಡವಾಯಿತೆಂದು ಹೊರಟೇಹೋದಳು. ಅಕ್ಕೋರು ಬಾಗಿಲ ಹತ್ತಿರ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. ಅಧಿಕಾರಿ ಹೊರಗೆ ಹೋಗಿ ಹೆದ್ದಾರಿಯ ಕಡೆ ಒಮ್ಮೆ ನೋಡಿ, ಜಗಲಿಯ ಬಲೆ ದಾಟಿ ಮತ್ತೆ ಒಳಗೆ ಬಂದು, "ಈ ಮಕ್ಕಳು ಇಲ್ಲೇ ಇರಲಿ" ಎಂದರು.